ಒಂಬತ್ತನೆಯದು, ಟೀ

ಗುತ್ಯಪ್ಪನವರ ನೋಟ್‌ಬುಕ್ಕಿಗೆ ಬೆನ್ನಿಲ್ಲ,
ರಬ್ಬರ್ ಬ್ಯಾಂಡು ಹಿಡಿದುಕೊಂಡಿದೆ.
ಒಳಪುಟದಲ್ಲಿ ನೀಲಿ ಶಾಯಿಯ ಹನ್ನೊಂದು ಸಾಲು,
ರಿಲೀಸ್ ಮಾಡುವ ವಿಧಾನ.
ಒಂದು: ಹಳೆಯದನ್ನು ಎತ್ತಿಡು.
ಎರಡು: ಹೊಸದನ್ನು ಕಟ್ಟು.
ಮೂರು: ಮುರಿದಿದೆಯಾ ನೋಡು. ಮುರಿದಿದ್ದರೆ
ಭೂಪತಿಯನ್ನು ಎಬ್ಬಿಸು.
ಹೀಗೇ ಹೋಗಿ ಹೋಗಿ
ಒಂಬತ್ತು: ಟೀ.

ದುರ್ಗಿಗುಡಿಯಲ್ಲಿ ಕನ್ನಡಕದಂಗಡಿಯ ಮೇಲೆ ನಮ್ಮ ಆಫೀಸು.
ಇಲ್ಲಿ ಬರೆದದ್ದು
ನಲವತ್ತೊಂದು ಖಾಸಗಿ ಬಸ್ಸುಗಳ ಕಂಡಕ್ಟರರ ಕೈಯಲ್ಲಿ
ಕಿರ್ರೆಂದು ಚೀಟಿಯಾಗಿ ಹರಿಯುತ್ತದೆ.
ಆಯನೂರಿಗೆ ಇಷ್ಟು, ರಿಪ್ಪನ್‌ಪೇಟೆಗೆ ಇಷ್ಟು,
ಕೋಳಿಬುಟ್ಟಿಗೆ ಅರ್ಧ.

ಆರು ವರ್ಷ, ಪ್ರತಿ ಗುರುವಾರ ರಾತ್ರಿ
ಆ ಹನ್ನೊಂದು ಸಾಲನ್ನು ಒಬ್ಬರೇ ನಡೆದರು ಗುತ್ಯಪ್ಪ.
ಒಂದೊಂದು ಮುಗಿದಾಗಲೂ ಪೆನ್ಸಿಲ್ಲಿನ ಗೀಟು,
ಮರುವಾರ ಅದನ್ನು ಉಜ್ಜಿ ಮತ್ತೆ ಅದೇ ಗೀಟು.
ಕಾಗದ ತೆಳುವಾಗಿ
ಅಲ್ಲಲ್ಲಿ ಈಚೆಯಿಂದ ಆಚೆ ಕಾಣುತ್ತದೆ.

ಇದನ್ನೆಲ್ಲ ಯಂತ್ರಕ್ಕೆ ಕಲಿಸು ಅಂದರು ನನಗೆ.
ಕಲಿಸಿದೆ.
ಯಾರಾದರೂ ಕೋಡು ಒಪ್ಪಿಸಿದರೆ ಸಾಕು, ತಾನೇ ಏಳುತ್ತದೆ,
ತಾನೇ ಕಟ್ಟುತ್ತದೆ,
ಮಡಕೆ ಕೊಳ್ಳುವವರು ಬೆರಳ ಗೆಣ್ಣಿನಿಂದ ತಟ್ಟುವ ಹಾಗೆ
ಆರುನೂರ ಹನ್ನೆರಡು ಕಡೆ ತಟ್ಟಿ ನೋಡುತ್ತದೆ,
ಸದ್ದು ಸರಿಯಿದ್ದರೆ ಹಸಿರು ಗುರುತು,
ಚೌಕಾಬಾರದ ಕಾಯಿಯಂತೆ ಮುಂದಿನ ಮನೆಗೆ.

ಹತ್ತು ಸಾಲು ಬರೆದೆ. ಟೀ ಬಿಟ್ಟೆ.
ಯಂತ್ರಕ್ಕೆ ಬಾಯಿಲ್ಲವಲ್ಲ ಎಂದು ನಕ್ಕೆ ಕೂಡ.

ಶುಕ್ರವಾರ ಬೆಳಿಗ್ಗೆ ಆರೂವರೆಗೆ ಫೋನು.
ಯಡೂರಿನಲ್ಲಿ ರಾತ್ರಿ ತಂಗುವ ಹದಿನೇಳನೇ ಬಸ್ಸು,
ಕಂಡಕ್ಟರ್ ಸಮೀವುಲ್ಲಾ:
"ಮೇಡಂ, ನಿನ್ನೆ ಲೆಕ್ಕ ಮಿಷನ್ನು ನುಂಗಿದೆ.
ನಾಲ್ಕು ಸಾವಿರದ ಇನ್ನೂರ ಎಂಬತ್ತು.
ಓನರು ನನ್ನ ಮುಖ ನೋಡ್ತಾರೆ,
ಮಿಷನ್ ಮುಖ ನೋಡಲ್ಲ."

ಪೈಪ್‌ಲೈನು ಹಸಿರಾಗೇ ಇತ್ತು.
ಬುಡದಿಂದ ತುದಿಯವರೆಗೆ ಒಂದೇ ಹಸಿರು.
ನೋಡಿ ಹೊಟ್ಟೆಯಲ್ಲಿ ತಣ್ಣಗಾಯಿತು.

ಗುತ್ಯಪ್ಪ ಈಗ ಪಕ್ಕದ ಮೇಜಿನಲ್ಲಿ, ಜನರ ದೂರು ಕೇಳುವ ಕೆಲಸ.
ಕನ್ನಡಕ ಒರೆಸುತ್ತ ಕೇಳಿದರು:
"ಟೀ ಕುಡೀಲಿಲ್ವಾ?"

ನಗರ ದಾಟಿದ ಮೇಲೆ ಆ ಬಸ್ಸಿಗೆ ಸಿಗ್ನಲ್ಲಿಲ್ಲವಂತೆ.
ಯಡೂರಿಗೆ ಮೊದಲು ಒಂದು ತಿರುವು,
ತಿರುವಿನಲ್ಲೊಂದು ತಗಡಿನ ಗೂಡಂಗಡಿ,
ಅಲ್ಲಿ ಮಾತ್ರ ಎರಡು ಕಡ್ಡಿ.
ಒಂಬತ್ತು ಇಪ್ಪತ್ತಕ್ಕೆ ಡ್ರೈವರು ಅಲ್ಲಿ ಗ್ಲಾಸು ಹಿಡಿದಾಗ
ಮಿಷನ್ನು ದಿನದ ಲೆಕ್ಕವನ್ನು ಶಿವಮೊಗ್ಗಕ್ಕೆ ದಾಟಿಸುತ್ತದೆ.
ಅದೇ ಹೊತ್ತಿಗೆ ಗುತ್ಯಪ್ಪ ಮೆಟ್ಟಿಲಿಳಿದು,
ಗೋಪಿ ವೃತ್ತದ ತನಕ ನಡೆದು,
ಬೈಟೂಗೆ ಜೊತೆಯಿಲ್ಲದೆ ಪೂರ್ತಿ ಒಂದನ್ನೇ ಕುಡಿದು
ಬರುವಷ್ಟರಲ್ಲಿ
ಲೆಕ್ಕ ಬಂದು ಕೂತಿರುತ್ತಿತ್ತು.

ನನ್ನ ಹೊಸ ಆವೃತ್ತಿ ಮೊದಲೇ ಹೋಗಿ ತಿರುವಿನಲ್ಲಿ ಕಾದು ನಿಂತಿದೆ,
ಲೆಕ್ಕ ಹೊರಬೀಳುವ ಮುನ್ನ ಒಳಹೊಕ್ಕು
ಜಾಗ ಗುಡಿಸಿ
ಹಾಸಿಗೆ ಹಾಸಿಕೊಂಡಿದೆ.

"ಬರೆದಿಡಬಹುದಿತ್ತಲ್ಲ ಸಾರ್?"
"ಬರೆದಿದ್ದೆನಲ್ಲ."

ಈಗ ಎಂಟಕ್ಕೂ ಹತ್ತಕ್ಕೂ ನಡುವೆ ಒಂದು ಮನೆಯಿದೆ.
ಅರ್ಧ ನಿಮಿಷಕ್ಕೊಮ್ಮೆ ಕೇಳುತ್ತದೆ: ಹದಿನೇಳು ಬಂತಾ?
ಬರುವವರೆಗೆ ಕಾಯಿ ಕದಲುವುದಿಲ್ಲ.
ಅದಕ್ಕೆ ಟೀ ಎಂದೇ ಹೆಸರಿಟ್ಟೆ. ಮ್ಯಾನೇಜರು
ಗಂಭೀರವಾದದ್ದೇನಾದರೂ ಇಡಿ ಅಂದರು, ಇಡಲಿಲ್ಲ.
ಪಕ್ಕದಲ್ಲಿ, ಯಂತ್ರ ಓದದೆ ದಾಟಿಹೋಗುವ ಒಂದು ಸಾಲು:
ಇದನ್ನು ಅಳಿಸುವ ಮುನ್ನ ಗುತ್ಯಪ್ಪನವರನ್ನು ಕೇಳಿ.
ಅವರಿಲ್ಲದಿದ್ದರೆ ಸಮೀವುಲ್ಲಾ ಅವರನ್ನು.
ಕೆಳಗೆ ಅವರ ನಂಬರು.

ಚೀಲದ ನೋಟು ಎಣಿಸಿ ಅಂದೇ ಒಪ್ಪಿಸಿದ್ದರು ಸಮೀವುಲ್ಲಾ.
ಓನರು ಎರಡು ಸಲ ಎಣಿಸಿಕೊಂಡರಂತೆ.

ಕಳೆದ ಗುರುವಾರ ಒಂಬತ್ತು ಇಪ್ಪತ್ತಾಯಿತು, ನಲವತ್ತಾಯಿತು.
ಎಂಟು ಮನೆ ಹಸಿರು, ಒಂಬತ್ತನೆಯದರಲ್ಲಿ
ಹಳದಿ ಚುಕ್ಕೆ ತಿರುಗುತ್ತಲೇ ಇತ್ತು.
ಫೋನು ಮಾಡಿದರೆ ವ್ಯಾಪ್ತಿಯ ಹೊರಗಿದ್ದಾರೆ ಎಂಬ ಹೆಂಗಸು.
ನಾನಿರಬೇಕೆಂದೇನೂ ಇರಲಿಲ್ಲ, ಕಾಯಲು ಅದಿದೆ.
ಹತ್ತಾಯಿತು.
ಚಪ್ಪಲಿ ಮೆಟ್ಟಿ ಕೆಳಗಿಳಿದೆ.
ಗೋಪಿ ವೃತ್ತದಲ್ಲಿ ಇನ್ನೂ ಒಂದು ಒಲೆ ಉರಿಯುತ್ತಿತ್ತು.